ಬೆಂಕಿ ಬಿದ್ದಾಗಷ್ಟೇ ನೆನಪಾಗುವವರು

2018ರ ಜನವರಿ 19ರಂದು ಮಹದೇವಪುರ ಕ್ಷೇತ್ರದ ಬೆಳ್ಳಂದೂರು ಕೆರೆಗೆ ಬೆಂಕಿ ಬಿತ್ತು. ಕೆರೆಗೆ ಬೆಂಕಿ! ಹೊರಗಿನವರಿಗೆ ವಿಚಿತ್ರ ಸುದ್ದಿ. ಅಲ್ಲಿನವರು 2015, 2017ರಲ್ಲೂ ಅದನ್ನು ಕಂಡಿದ್ದರು. ಕೊಳಚೆ ಕುಡಿದು ಬೆಳೆದ ಹುಲ್ಲು ಒಣಗಿ ನಿಂತಿತ್ತು. ಅಗ್ನಿಶಾಮಕ ವಾಹನ ಕೆರೆಯ ನಡುವಿಗೆ ಹೋಗುವುದುಂಟೇ? ಕೊನೆಗೆ ಸಮೀಪದ ಸೇನಾ ನೆಲೆಯಿಂದ ಸುಮಾರು 5,000 ಯೋಧರು ಬಂದು ಗಂಟೆಗಟ್ಟಲೆ ಸೆಣಸಿದರು. ಪಕ್ಕದಲ್ಲೇ ಸೇನೆ ಇರುವ ಭಾಗ್ಯ ಎಷ್ಟು ಊರುಗಳಿಗಿದೆ?

2019ರ ಫೆಬ್ರವರಿಯಲ್ಲಿ ಬಂಡೀಪುರದ ಸಾವಿರಾರು ಎಕರೆ ಕಾಡು ಉರಿಯಿತು. ವಾಯುಪಡೆಯ ಹೆಲಿಕಾಪ್ಟರ್ ನೀರು ಸುರಿಯುವ ಮುನ್ನ ಹಸಿ ಸೊಪ್ಪಿನ ಕೊಂಬೆ ಹಿಡಿದು ಬೆಂಕಿ ಬಡಿದವರು ಅರಣ್ಯ ಸಿಬ್ಬಂದಿ, ಕಾಡಂಚಿನ ಜನ, ದೂರದ ನಗರಗಳಿಂದ ಓಡಿ ಬಂದ ಸ್ವಯಂಸೇವಕರು. ಅವರನ್ನು ಹೊಗಳಿದೆವು. ಹೊಗಳಿಕೆಗೆ ಖರ್ಚಿಲ್ಲವಲ್ಲ! ಗಾಳಿ ತಿರುಗಿದರೆ ಎತ್ತ ಓಡಬೇಕು, ಬೆಂಕಿ ಇಳಿಜಾರನ್ನು ಎಷ್ಟು ಬೇಗ ಏರುತ್ತದೆ, ಪಾಲಿಯೆಸ್ಟರ್ ಅಂಗಿ ಹೇಗೆ ಕರಗಿ ಮೈಗೆ ಅಂಟುತ್ತದೆ ಎಂದು ಅವರಿಗೆ ಮೊದಲೇ ಹೇಳಿಕೊಡುವ ಹೊಣೆ ಯಾರದು? 2017ರಲ್ಲಿ ಇದೇ ಬಂಡೀಪುರದಲ್ಲಿ, ಕಾಡು ಬಲ್ಲ ಅರಣ್ಯ ರಕ್ಷಕರೊಬ್ಬರೇ ಬೆಂಕಿಗೆ ಬಲಿಯಾಗಿದ್ದರು.

ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್ ರಾಜ್ಯದ ಗ್ರಾಮೀಣ ಅಗ್ನಿಶಾಮಕ ಸೇವೆಯಲ್ಲಿ ಸುಮಾರು 70,000 ಸ್ವಯಂಸೇವಕರಿದ್ದಾರೆ. ಸಂಬಳವಿಲ್ಲ, ತರಬೇತಿ, ರಕ್ಷಣಾ ಉಡುಪು, ಗಾಯಗೊಂಡರೆ ಪರಿಹಾರ ಉಂಟು. ಬೆಂಕಿಯಿಲ್ಲದ ದಿನಗಳಲ್ಲಿ ಮನೆಸುತ್ತಲ ಒಣ ಎಲೆ ತೆಗೆಯುವುದನ್ನು ಜನರಿಗೆ ತಿಳಿಸುತ್ತಾರೆ. ‘ಅದು ಶ್ರೀಮಂತ ದೇಶ’ ಎಂಬ ಉತ್ತರ ನಮ್ಮಲ್ಲಿ ಸದಾ ಸಿದ್ಧ. ಹತ್ತಿಯ ಅಂಗಿ, ಚರ್ಮದ ಬೂಟು, ಎರಡು ದಿನಗಳ ಪಾಠ, ಒಂದು ವಿಮೆ. ಇವಕ್ಕೆ ಯಾವ ಶ್ರೀಮಂತಿಕೆ ಬೇಕು? ಮಹದೇವಪುರದಲ್ಲಿ ಕೆರೆಗಳಿಗಾಗಿ ಹೋರಾಡುವ ನಿವಾಸಿಗಳಿದ್ದಾರೆ. ಅಗ್ನಿಶಾಮಕ ಇಲಾಖೆ ಅವರನ್ನು ಡಿಸೆಂಬರಿನಲ್ಲೇ ಕರೆಯಲಿ, ಹುಲ್ಲು ಇನ್ನೂ ಹಸಿರಾಗಿರುವಾಗಲೇ.