ಮಸಿಯ ನೂಲು

ಶಿಡ್ಲಘಟ್ಟದ ಬಿಚ್ಚಣಿಕೆಯ ಮನೆಯಲ್ಲಿ ಒಮ್ಮೆ ನಿಂತು ನೋಡಬೇಕು. ಬೆಂದ ಗೂಡಿನ ಎಳೆಯ ತುದಿ ಸಿಕ್ಕಿತೆಂದರೆ ನೂರಾರು ಮೀಟರು ತಡೆಯಿಲ್ಲದೆ ಬಿಚ್ಚಿಕೊಳ್ಳುತ್ತದೆ. ಎರಡು ಹುಳುಗಳು ಸೇರಿ ಒಂದೇ ಗೂಡು ಕಟ್ಟಿದ್ದರೆ ಮಾತ್ರ ಎಳೆ ಸಿಕ್ಕಾಗಿ ಮತ್ತೆ ಮತ್ತೆ ಹರಿಯುತ್ತದೆ. ರೇಷ್ಮೆ ಒಂದೇ, ಕೆಟ್ಟದ್ದು ಓರಣ.

ವಿಜ್ಞಾನಿಗಳಿಗೂ ಇದೇ ತೊಡಕು ಎದುರಾಯಿತು. 1991ರಲ್ಲಿ ಜಪಾನಿನ ಸುಮಿಯೊ ಇಜಿಮ ಇಂಗಾಲದ ನ್ಯಾನೊ ಕೊಳವೆಗಳನ್ನು ಲೋಕಕ್ಕೆ ಪರಿಚಯಿಸಿದರು. ಅವು ಕೂದಲಿನ ಸಾವಿರದಲ್ಲೊಂದು ಪಾಲಿಗಿಂತ ಸಪುರ, ಉಕ್ಕಿಗಿಂತ ಗಟ್ಟಿ. ಆದರೆ ಮಸಿಯಲ್ಲಿ ಹೆಣೆದುಕೊಂಡ ಕೊಳವೆಗಳನ್ನು ಬಿಡಿಸುವವರಾರು? ಹುಟ್ಟುವಾಗಲೇ ಸಾಲಾಗಿ ಹುಟ್ಟಿಸಬೇಕು.

ಆ ಉಪಾಯ ಕಂಡವರಲ್ಲಿ ನಮ್ಮ ಸಿ. ಎನ್. ಆರ್. ರಾಯರೂ ಒಬ್ಬರು. ಚಿಕ್ಕಬಳ್ಳಾಪುರದಿಂದ ಬೆಂಗಳೂರಿಗೆ ಹೋಗುವ ಹಾದಿಯ ಜಕ್ಕೂರಿನಲ್ಲಿ ಸಂಶೋಧನಾ ಕೇಂದ್ರ ಕಟ್ಟಿದ ಅವರು, ಸಂಗಡಿಗರೊಡನೆ 1998ರಲ್ಲಿ ಈ ವಿಧಾನವನ್ನು ಪ್ರಕಟಿಸಿದರು. ಫೆರೊಸೀನ್ ಎಂಬ ಕಬ್ಬಿಣದ ಸಂಯುಕ್ತದ ಆವಿಯನ್ನು ಕಾದ ಕುಲುಮೆಗೆ ಹಾಯಿಸಿದರೆ, ಬೇರ್ಪಟ್ಟ ಕಬ್ಬಿಣದ ಕಣಗಳೇ ಬೀಜ, ಇಂಗಾಲವೇ ಗೊಬ್ಬರ. ಒತ್ತಾಗಿ ಮೊಳೆತ ಕೊಳವೆಗಳು ರಾಗಿಯ ಪೈರಿನಂತೆ ಒಂದನ್ನೊಂದು ಆತು ನೆಟ್ಟಗೆ ನಿಲ್ಲುತ್ತವೆ.

2002ರಲ್ಲಿ ಚೀನದ ವಿಜ್ಞಾನಿಗಳು ಇಂಥ ಬೆಳೆಯ ಅಂಚನ್ನು ಹಿಡಿದೆಳೆದಾಗ, ಗೂಡಿನಿಂದ ರೇಷ್ಮೆ ಬರುವಂತೆಯೇ 30 ಸೆಂಟಿಮೀಟರಿನ ನೂಲು ಬಂದಿತು! ಆದರೂ ಒಂಟಿ ಕೊಳವೆಯ ಬಲ ನೂಲಿಗೆ ಪೂರ್ತಿ ಇಳಿದಿಲ್ಲ; ಕೂಡಿದೆಡೆಯಲ್ಲಿ ಎಳೆಗಳು ಜಾರುತ್ತವೆ.

ಬಿಚ್ಚಣಿಕೆಯ ಮನೆಯ ಮಗು ‘ರಸಾಯನಶಾಸ್ತ್ರ ನಮ್ಮಂಥವರಿಗಲ್ಲ’ ಎಂದು ಹಿಂಜರಿದರೆ ಹಿರಿಯರು ಹೇಳಬೇಕಾದ ಮಾತಿದು: ಎಳೆಗೆ ಎಳೆ ಕೂಡಿಸುವ ನಿನ್ನ ತಾಯಿಯ ವಿದ್ಯೆಯನ್ನೇ ಪ್ರಯೋಗಶಾಲೆಗಳು ಇನ್ನೂ ಕಲಿಯುತ್ತಿವೆ, ಮಗು.