‘ಫಾರ್ಮ್ಯಾಟ್’ ಅಂದ್ರೆ ಏನು ಅಂತ ಕೇಳದೆ ‘ಹೂಂ’ ಅನ್ನಬೇಡಿ

ಕಳೆದ ಬೇಸಿಗೆಯಲ್ಲಿ ನಮ್ಮ ಲ್ಯಾಪ್‌ಟಾಪ್ ಕೈಕೊಟ್ಟಿತು. ನಾಲ್ಕು ಜನ ಸೇರಿ ದುಡ್ಡು ಹಾಕಿ ಕೊಂಡಿದ್ದ ಸೆಕೆಂಡ್ ಹ್ಯಾಂಡ್ ಮಾಲು. ಸ್ವಿಚ್ ಒತ್ತಿ, ಚಹಾ ಕುಡಿದು ಬಂದರೂ ಪರದೆ ಮೇಲೆ ಇನ್ನೂ ಚುಕ್ಕೆ ಸುತ್ತುತ್ತಲೇ ಇರುತ್ತಿತ್ತು. ಪೇಟೆಯ ಅಂಗಡಿಗೆ ಒಯ್ದೆವು. ಅಂಗಡಿಯವರು ಐದು ನಿಮಿಷ ನೋಡಿ, ‘ಫಾರ್ಮ್ಯಾಟ್ ಹೊಡೀಬೇಕು, ಸಂಜೆ ಬನ್ನಿ’ ಅಂದರು. ನಾವು ‘ಹೂಂ’ ಅಂದೆವು.

ಸಂಜೆ ಹೋದಾಗ ಲ್ಯಾಪ್‌ಟಾಪ್ ಹೊಸದರಂತೆ ಓಡುತ್ತಿತ್ತು. ಖುಷಿಯಿಂದ 600 ರೂಪಾಯಿ ಕೊಟ್ಟು ಬಂದೆವು. ಮನೆಗೆ ಬಂದು ನೋಡಿದರೆ ಡಿ ಡ್ರೈವ್ ಅನ್ನುವುದೇ ಇಲ್ಲ.

ಅದರಲ್ಲಿ ನಮ್ಮೂರ ಕೆರೆಯ ಹೂಳು ತೆಗೆದ ಕೆಲಸದ ಬಗ್ಗೆ ಎರಡು ತಿಂಗಳು ಓಡಾಡಿ ಸೇರಿಸಿದ್ದ ಫೋಟೋಗಳಿದ್ದವು, ರೈತರ ಮಾತಿನ ರೆಕಾರ್ಡಿಂಗ್‌ಗಳಿದ್ದವು. ಮೊಬೈಲ್‌ನಲ್ಲಿ ಜಾಗ ಸಾಲದೆ ಅಲ್ಲಿಂದ ಅಳಿಸಿ ಇಲ್ಲಿ ಇಟ್ಟಿದ್ದೆವು. ಹಳೆಯ ಏರಿ ಎಲ್ಲಿತ್ತು ಅಂತ ಕೈ ಮಾಡಿ ತೋರಿಸಿದ್ದ ಅಜ್ಜ ಅಷ್ಟರಲ್ಲಿ ತೀರಿಕೊಂಡಿದ್ದರು. ಮತ್ತೆ ಫೋಟೋ ತೆಗೆಯೋಣ ಅಂದರೆ ಮಳೆ ಬಂದು ಕೆರೆ ತುಂಬಿತ್ತು. ಎಷ್ಟು ಆಳ ತೆಗೆದಿದ್ದಾರೆ ಅಂತ ತೋರಿಸಲು ತಳವೇ ಕಾಣುತ್ತಿರಲಿಲ್ಲ. ಆ ವರದಿ ಇವತ್ತಿಗೂ ಪ್ರಕಟವಾಗಿಲ್ಲ.

ಅಂಗಡಿಗೆ ಹೋಗಿ ಕೇಳಿದೆವು. ‘ಫಾರ್ಮ್ಯಾಟ್ ಅಂತ ಹೇಳಿದ್ನಲ್ಲ, ನೀವೂ ಹೂಂ ಅಂದ್ರಲ್ಲ’ ಅಂದರು. ಅವರ ಮಾತಲ್ಲಿ ಸುಳ್ಳಿರಲಿಲ್ಲ.

ನಮ್ಮ ಕಡೆ ‘ಫಾರ್ಮ್ಯಾಟ್ ಹೊಡೆಸೋದು’ ಅಂದರೆ ರಿಪೇರಿ ಮಾಡಿಸೋದು ಅನ್ನುವ ಅರ್ಥ ಬಂದುಬಿಟ್ಟಿದೆ. ಆದರೆ ಕಂಪ್ಯೂಟರ್ ಭಾಷೆಯಲ್ಲಿ ಫಾರ್ಮ್ಯಾಟ್ ಅಂದರೆ ಡಿಸ್ಕ್ ಖಾಲಿ ಮಾಡುವುದು. ವಿಂಡೋಸ್ ಮತ್ತೆ ಹಾಕುವುದು ಒಂದು ಕೆಲಸ, ಡಿಸ್ಕ್ ಪೂರ್ತಿ ಅಳಿಸುವುದು ಇನ್ನೊಂದು ಕೆಲಸ. ಎರಡನ್ನೂ ಒಂದೇ ಮಾತಲ್ಲಿ ಹೇಳುವುದು ಅಂಗಡಿಗೆ ಸುಲಭ. ಕಳೆದುಕೊಳ್ಳುವವರು ನಾವು.

ಆಮೇಲೆ ನಾವೇ ಕಲಿಯಲು ಕೂತೆವು. ಕಲಿತ ಮೇಲೆ ನಮಗೆ ಅನಿಸಿದ್ದು ಇಷ್ಟು: ಇದು ಮಂತ್ರವಿದ್ಯೆ ಅಲ್ಲ. ಬೈಕ್‌ನ ಪ್ಲಗ್ ಬಿಚ್ಚಿ ಒರೆಸುವವರು ಊರಿಗೆ ಹತ್ತು ಜನ ಇರುವ ಹಾಗೆ, ಲ್ಯಾಪ್‌ಟಾಪ್‌ಗೆ ವಿಂಡೋಸ್ ಹಾಕುವವರೂ ಊರಿಗೆ ನಾಲ್ಕು ಜನ ಇರಬೇಕು. ಈ ಕೆಲಸ ಊರಲ್ಲೇ ಆಗಬೇಕು.

ಮೊದಲು ತಿಳಿಯಬೇಕಾದ ಮಾತು: ಎಲ್ಲ ನಿಧಾನಕ್ಕೂ ವಿಂಡೋಸ್ ಕಾರಣವಲ್ಲ. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರೂ ಕೀ ಒಟ್ಟಿಗೆ ಒತ್ತಿ. ಟಾಸ್ಕ್ ಮ್ಯಾನೇಜರ್ ತೆರೆಯುತ್ತದೆ. ನೀವು ಏನೂ ಕೆಲಸ ಮಾಡದಿದ್ದರೂ ಅಲ್ಲಿ ‘ಡಿಸ್ಕ್’ ಅನ್ನುವ ಕಡೆ ಯಾವಾಗಲೂ 100 ಅಂತ ತೋರಿಸುತ್ತಿದ್ದರೆ, ಒಳಗೆ ಇರುವುದು ಹಳೆಯ ತಿರುಗುವ ಹಾರ್ಡ್ ಡಿಸ್ಕ್ ಆಗಿದ್ದರೆ, ಎಷ್ಟು ಸಲ ವಿಂಡೋಸ್ ಹಾಕಿದರೂ ಆರು ತಿಂಗಳಿಗೆ ಮತ್ತೆ ಅದೇ ಕಥೆ. ಅದರ ಬದಲು ಎಸ್‌ಎಸ್‌ಡಿ ಹಾಕಿಸಿ. ಇನ್ನೊಂದು ಲಾಭವೂ ಇದೆ. ಹಳೆಯ ಡಿಸ್ಕ್ ಅಳಿಸದೆ ಹಾಗೇ ನಿಮ್ಮ ಕೈಗೆ ಬರುತ್ತದೆ, ನಿಮ್ಮ ಫೋಟೋಗಳ ಸಮೇತ.

ಎರಡನೆಯದು, ಪೆನ್‌ಡ್ರೈವ್ ಇಲ್ಲದೆಯೂ ವಿಂಡೋಸ್ ಹೊಸದಾಗಿ ಕೂರಿಸಬಹುದು. ವಿಂಡೋಸ್ 10 ಮತ್ತು 11ರ ಸೆಟ್ಟಿಂಗ್ಸ್‌ನಲ್ಲಿ ‘ರೀಸೆಟ್ ದಿಸ್ ಪಿಸಿ’ ಅಂತ ಹುಡುಕಿ. ಅದರಲ್ಲಿ ‘ಕೀಪ್ ಮೈ ಫೈಲ್ಸ್’ ಆರಿಸಿದರೆ ನೀವು ಹಾಕಿಕೊಂಡ ಪ್ರೋಗ್ರಾಂಗಳು ಹೋಗುತ್ತವೆ, ನಿಮ್ಮ ಫೈಲ್‌ಗಳು ಉಳಿಯುತ್ತವೆ. ಹಾಗಂತ ನಂಬಿ ಕೂರಬೇಡಿ. ಏನೇ ಮಾಡುವ ಮೊದಲು ಬೇಕಾದ್ದನ್ನೆಲ್ಲ ಇನ್ನೊಂದು ಕಡೆ ಕಾಪಿ ಮಾಡಿ, ಕಾಪಿ ಆದದ್ದನ್ನು ಬೇರೆ ಕಂಪ್ಯೂಟರ್‌ನಲ್ಲಿ ತೆರೆದು ನೋಡಿ. ನಮ್ಮ ಕೆರೆ ಫೋಟೋಗಳು ಒಂದೇ ಕಡೆ ಇದ್ದವು. ತಪ್ಪಲ್ಲಿ ಅರ್ಧ ನಮ್ಮದೇ.

ಲ್ಯಾಪ್‌ಟಾಪ್ ಪೂರ್ತಿ ಮಲಗಿದ್ದರೆ ಮಾತ್ರ ಪೆನ್‌ಡ್ರೈವ್ ಬೇಕು. ಮೈಕ್ರೋಸಾಫ್ಟ್ ತನ್ನ ಜಾಲತಾಣದಲ್ಲೇ ವಿಂಡೋಸ್ ಡೌನ್‌ಲೋಡ್ ಮಾಡಲು ಬಿಡುತ್ತದೆ. ಜೊತೆಗೆ ಕೊಡುವ ‘ಮೀಡಿಯಾ ಕ್ರಿಯೇಶನ್ ಟೂಲ್’ ಒಂದು ಖಾಲಿ 8 ಜಿಬಿ ಪೆನ್‌ಡ್ರೈವ್‌ನಲ್ಲಿ ಎಲ್ಲವನ್ನೂ ಸಿದ್ಧಮಾಡುತ್ತದೆ. ಆ ಪೆನ್‌ಡ್ರೈವ್ ಸಿಕ್ಕಿಸಿ, ಆನ್ ಮಾಡಿದ ಕೂಡಲೇ ಬೂಟ್ ಕೀ ಒತ್ತಬೇಕು. ಡೆಲ್, ಲೆನೊವೊಗಳಲ್ಲಿ ಸಾಮಾನ್ಯವಾಗಿ ಎಫ್12, ಎಚ್‌ಪಿಯಲ್ಲಿ ಎಫ್9.

‘ಪ್ರಾಡಕ್ಟ್ ಕೀ’ ಕೇಳುವ ಜಾಗದಲ್ಲಿ ನಮ್ಮ ಜನ ಗಾಬರಿಯಾಗುತ್ತಾರೆ. ಗಾಬರಿ ಬೇಡ. ವಿಂಡೋಸ್ 8ರ ಕಾಲದಿಂದ ಈಚೆಗೆ, ಕಂಪನಿಯೇ ವಿಂಡೋಸ್ ಹಾಕಿ ಮಾರಿದ ಲ್ಯಾಪ್‌ಟಾಪ್‌ಗಳಲ್ಲಿ ಆ ಕೀ ಬಹುತೇಕ ಮದರ್‌ಬೋರ್ಡ್ ಒಳಗೇ ಇರುತ್ತದೆ. ‘ನನ್ನ ಬಳಿ ಕೀ ಇಲ್ಲ’ ಅನ್ನುವುದನ್ನು ಒತ್ತಿ, ಮೊದಲು ಯಾವುದಿತ್ತೋ ಅದನ್ನೇ, ಹೋಮ್ ಇದ್ದರೆ ಹೋಮ್, ಪ್ರೊ ಇದ್ದರೆ ಪ್ರೊ, ಆರಿಸಿ. ಇಂಟರ್ನೆಟ್ ಸಿಕ್ಕ ಮೇಲೆ ಅದೇ ಆಕ್ಟಿವೇಟ್ ಆಗುತ್ತದೆ. ‘ಒರಿಜಿನಲ್ ವಿಂಡೋಸ್‌ಗೆ ಬೇರೆ ದುಡ್ಡು’ ಅಂತ ಯಾರಾದರೂ ಕೇಳಿದರೆ, ಕೊಡುವ ಮೊದಲು ಇದನ್ನು ನೆನಪಿಸಿಕೊಳ್ಳಿ.

ನಂತರ ಡಿಸ್ಕ್‌ನ ಭಾಗಗಳ ಪಟ್ಟಿ ಬರುತ್ತದೆ. ನಮ್ಮ ಕೆರೆ ವರದಿ ಸತ್ತಿದ್ದು ಈ ಪರದೆಯಲ್ಲೇ. ಎಲ್ಲವನ್ನೂ ಡಿಲೀಟ್ ಹೊಡೆದು ಒಂದೇ ಭಾಗ ಮಾಡುವುದು ಬೇಗ ಮುಗಿಯುವ ದಾರಿ. ಹಳೆಯ ವಿಂಡೋಸ್ ಇದ್ದ ಭಾಗ ಯಾವುದು ಅಂತ ಅಳತೆ ನೋಡಿ ಗುರುತಿಸಿ, ಅದೊಂದನ್ನೇ ಮುಟ್ಟುವುದು ಸರಿಯಾದ ದಾರಿ. ಎರಡಕ್ಕೂ ಇರುವ ವ್ಯತ್ಯಾಸ ಎರಡು ನಿಮಿಷ. ಗುರುತು ಸಿಗದಿದ್ದರೆ ಅಲ್ಲೇ ನಿಲ್ಲಿಸಿ, ಗೊತ್ತಿರುವವರನ್ನು ಕೇಳಿ.

ವಿಂಡೋಸ್ ಕೂತಿತು. ಆದರೆ ವೈಫೈ ಇಲ್ಲ, ಸದ್ದಿಲ್ಲ, ಅಕ್ಷರಗಳು ದಪ್ಪ ದಪ್ಪ ಕಾಣುತ್ತವೆ. ಹಾಳಾಯ್ತು ಅಂತ ಅಂಗಡಿಗೆ ಓಡಬೇಡಿ, ಡ್ರೈವರ್ ಬಂದಿಲ್ಲ ಅಷ್ಟೆ. ಟ್ರ್ಯಾಕ್ಟರ್ ಚಾಲೂ ಆದ ಮಾತ್ರಕ್ಕೆ ಹಿಂದಿನ ರೋಟಾವೇಟರ್ ತಿರುಗುತ್ತದೆಯೇ? ನಡುವೆ ಶಾಫ್ಟ್ ಕೂಡಿಸಬೇಕು. ಡ್ರೈವರ್ ಅಂದರೆ ವಿಂಡೋಸ್‌ಗೂ ಯಂತ್ರದ ಒಂದೊಂದು ಭಾಗಕ್ಕೂ ನಡುವಿನ ಆ ಕೂಡಿಕೆ.

ಡ್ರೈವರ್ ತರಲು ಇಂಟರ್ನೆಟ್ ಬೇಕು, ಇಂಟರ್ನೆಟ್‌ಗೆ ವೈಫೈ ಡ್ರೈವರ್ ಬೇಕು. ಈ ಗಂಟನ್ನು ಬಿಚ್ಚುವ ಸಾಧನ ನಿಮ್ಮ ಕೈಯಲ್ಲೇ ಇದೆ. ಆಂಡ್ರಾಯ್ಡ್ ಫೋನನ್ನು ಡೇಟಾ ಕೇಬಲ್‌ನಿಂದ ಲ್ಯಾಪ್‌ಟಾಪ್‌ಗೆ ಜೋಡಿಸಿ, ಹಾಟ್‌ಸ್ಪಾಟ್ ಸೆಟ್ಟಿಂಗ್ಸ್‌ನಲ್ಲಿ ‘ಯುಎಸ್‌ಬಿ ಟೆದರಿಂಗ್’ ಆನ್ ಮಾಡಿ. ಸಾಮಾನ್ಯವಾಗಿ ಯಾವ ಡ್ರೈವರೂ ಇಲ್ಲದೆ ನೆಟ್ ಬರುತ್ತದೆ. ಆಮೇಲೆ ‘ವಿಂಡೋಸ್ ಅಪ್‌ಡೇಟ್’ ಒತ್ತಿ ಬಿಟ್ಟರೆ ಬಹುಪಾಲು ಡ್ರೈವರ್‌ಗಳು ತಾವೇ ಬರುತ್ತವೆ. ಉಳಿದವು ‘ಡಿವೈಸ್ ಮ್ಯಾನೇಜರ್’ನಲ್ಲಿ ಹಳದಿ ಗುರುತಿನೊಂದಿಗೆ ಕಾಣುತ್ತವೆ. ಅವನ್ನು ಲ್ಯಾಪ್‌ಟಾಪ್ ತಯಾರಿಸಿದ ಕಂಪನಿಯ ಜಾಲತಾಣದಿಂದಲೇ ತನ್ನಿ. ತಳಭಾಗದ ಚೀಟಿಯಲ್ಲಿರುವ ಸೀರಿಯಲ್ ನಂಬರ್ ಅಥವಾ ಸರ್ವಿಸ್ ಟ್ಯಾಗ್ ಹಾಕಿದರೆ ನಿಮ್ಮ ಮಾಡೆಲ್‌ನ ಡ್ರೈವರ್‌ಗಳೇ ಬರುತ್ತವೆ. ಎಲ್ಲೆಲ್ಲೋ ಸಿಗುವ ‘ಡ್ರೈವರ್ ಅಪ್‌ಡೇಟರ್’ ಹಾಕಿಕೊಳ್ಳಬೇಡಿ. ಬಯೋಸ್ ಅಪ್‌ಡೇಟ್ ಅಂತ ಬಂದರೆ ಅಗತ್ಯವಿಲ್ಲದೆ ಮುಟ್ಟಬೇಡಿ. ನಡುವೆ ಕರೆಂಟ್ ಹೋಗಿ ಬ್ಯಾಟರಿಯೂ ಕೈಕೊಟ್ಟರೆ ಲ್ಯಾಪ್‌ಟಾಪ್ ಏಳದೇ ಹೋಗಬಹುದು.

ಇನ್ನು ಕನ್ನಡದ ಮಾತು. ಹೊಸ ವಿಂಡೋಸ್‌ನಲ್ಲಿ ನುಡಿ, ಬರಹ ಇರುವುದಿಲ್ಲ. ಹಳೆಯ ನುಡಿ ಫಾಂಟ್‌ನಲ್ಲಿ ಟೈಪ್ ಮಾಡಿದ ಕಡತ ತೆರೆದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು ಕಾಣುತ್ತವೆ. ಕಡತ ಕೆಟ್ಟಿಲ್ಲ, ಫಾಂಟ್ ಹಾಕಿದರೆ ಮತ್ತೆ ಕನ್ನಡವಾಗುತ್ತದೆ. ಹೊಸದಾಗಿ ಬರೆಯಲು ಯೂನಿಕೋಡ್ ಬಳಸಿ. ಕನ್ನಡ ಕೀಲಿಮಣೆ ವಿಂಡೋಸ್ ಒಳಗೇ ಇದೆ, ಭಾಷೆಗಳ ಸೆಟ್ಟಿಂಗ್ಸ್‌ನಲ್ಲಿ ಕನ್ನಡ ಸೇರಿಸಿದರೆ ಸಾಕು. ಫೋನ್‌ನಲ್ಲೂ ಅದನ್ನು ಓದಬಹುದು.

ಈಗ ಒಂದು ಕಹಿ ಸತ್ಯ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಉಚಿತ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಹೆಚ್ಚುವರಿ ಅವಧಿಗೆ ನೋಂದಾಯಿಸಿಕೊಂಡವರನ್ನು ಬಿಟ್ಟರೆ ಉಳಿದವರಿಗೆ ಭದ್ರತೆಯ ಅಪ್‌ಡೇಟ್ ಬರುವುದಿಲ್ಲ. ವಿಂಡೋಸ್ 11ಕ್ಕೆ ಟಿಪಿಎಂ 2.0 ಬೇಕು, ಇಂಟೆಲ್ ಆದರೆ ಬಹುತೇಕ ಎಂಟನೇ ತಲೆಮಾರಿನ ಅಥವಾ ನಂತರದ ಪ್ರೊಸೆಸರ್ ಬೇಕು. ಕಡಿಮೆ ಬೆಲೆಗೆ ಸಿಗುವ ಐದು, ಆರನೇ ತಲೆಮಾರಿನ ಲ್ಯಾಪ್‌ಟಾಪ್‌ಗಳಿಗೆ ಅದು ಅಧಿಕೃತವಾಗಿ ಬರುವುದಿಲ್ಲ. ಕೆಲವೆಡೆ ‘ಫಾಸ್ಟ್ ಓಡುತ್ತೆ’ ಅಂತ ವಿಂಡೋಸ್ 7 ಹಾಕಿಕೊಡುತ್ತಾರೆ. ಅದರ ಬೆಂಬಲ ಮುಗಿದದ್ದು 2020ರ ಜನವರಿಯಲ್ಲಿ. ಕ್ರೋಮ್‌ನ ಹೊಸ ಆವೃತ್ತಿಗಳೂ ಅದಕ್ಕೆ ಬರುವುದಿಲ್ಲ.

ಇದಕ್ಕಿಂತ ಕೆಟ್ಟದ್ದು ‘ಕ್ರ್ಯಾಕ್’ ವಿಂಡೋಸ್. ಅದನ್ನು ಹಾಕಲು ಮೊದಲು ಆಂಟಿವೈರಸ್ ಆಫ್ ಮಾಡುತ್ತಾರೆ. ಮನೆಗೆ ಬೀಗ ತೆಗೆದಿಟ್ಟು ಗೊತ್ತಿಲ್ಲದವರನ್ನು ಒಳಗೆ ಬಿಟ್ಟ ಹಾಗೆ. ಅದೇ ಲ್ಯಾಪ್‌ಟಾಪ್‌ನಲ್ಲಿ ನಿಮ್ಮ ಮಗಳು ಸ್ಕಾಲರ್‌ಶಿಪ್ ಅರ್ಜಿ ಹಾಕುತ್ತಾಳೆ, ನೀವು ಬ್ಯಾಂಕ್ ಪಾಸ್‌ವರ್ಡ್ ಒತ್ತುತ್ತೀರಿ.

ಹಳೆಯ ಯಂತ್ರಕ್ಕೆ ಪ್ರಾಮಾಣಿಕವಾದ ದಾರಿ ಲಿನಕ್ಸ್. ಲಿನಕ್ಸ್ ಮಿಂಟ್, ಉಬುಂಟು ಎರಡೂ ಉಚಿತ. ಏನನ್ನೂ ಅಳಿಸದೆ ಪೆನ್‌ಡ್ರೈವ್‌ನಿಂದಲೇ ಓಡಿಸಿ ನೋಡಬಹುದು, ವೈಫೈ, ಸದ್ದು ಸರಿ ಇದ್ದರೆ ಮಾತ್ರ ಹಾಕಬಹುದು. ತೊಂದರೆಯೂ ಉಂಟು: ವಿಂಡೋಸ್‌ಗೆಂದೇ ಮಾಡಿದ ತಂತ್ರಾಂಶಗಳು ನೇರ ಓಡುವುದಿಲ್ಲ, ಕೆಲವು ಪ್ರಿಂಟರ್‌ಗಳು ಸತಾಯಿಸುತ್ತವೆ. ಓದಲು, ಬರೆಯಲು, ಅರ್ಜಿ ಹಾಕಲು, ವಿಡಿಯೋ ಪಾಠ ನೋಡಲು ಸಾಕು. ಪಕ್ಕದ ಕೇರಳದ ಸರ್ಕಾರಿ ಶಾಲೆಗಳಲ್ಲಿ ‘ಕೈಟ್’ ಸಂಸ್ಥೆ ಸಿದ್ಧಪಡಿಸಿದ ಲಿನಕ್ಸ್ ಬಳಸುತ್ತಾರೆ. 2018ರಿಂದ ‘ಲಿಟಲ್ ಕೈಟ್ಸ್’ ಅನ್ನುವ ಮಕ್ಕಳ ಐಟಿ ಕ್ಲಬ್‌ಗಳೂ ಅಲ್ಲಿ ಇವೆ. ಹೈಸ್ಕೂಲು ಮಕ್ಕಳು ಕಲಿಯುವುದನ್ನು ನಾವು ಕಲಿಯಲಾರೆವೇ?

ಹಳೆ ಲ್ಯಾಪ್‌ಟಾಪ್ ಕೊಳ್ಳುವವರಿಗೆ ಒಂದು ಕಿವಿಮಾತು. ಬೆಂಗಳೂರಿನ ಕಂಪನಿಗಳು ಬಳಸಿ ಬಿಟ್ಟ ಲ್ಯಾಪ್‌ಟಾಪ್‌ಗಳು ನಮ್ಮ ತಾಲ್ಲೂಕುಗಳವರೆಗೂ ಬರುತ್ತವೆ. ಕೆಲವು ಇನ್ನೂ ಆ ಕಂಪನಿಯ ಹೆಸರಲ್ಲೇ ನೋಂದಣಿಯಾಗಿರುತ್ತವೆ. ವಿಂಡೋಸ್ ಮತ್ತೆ ಹಾಕಿ ನೆಟ್ ಕೊಟ್ಟ ಕೂಡಲೇ ಆ ಕಂಪನಿಯ ಲಾಗಿನ್ ಕೇಳುತ್ತವೆ. ಇನ್ನು ಕೆಲವಕ್ಕೆ ಬಯೋಸ್ ಪಾಸ್‌ವರ್ಡ್ ಇರುತ್ತದೆ. ದುಡ್ಡು ಕೊಡುವ ಮೊದಲು ನಿಮ್ಮ ಎದುರೇ ವಿಂಡೋಸ್ ಮತ್ತೆ ಹಾಕಿ, ನೆಟ್ ಕೊಟ್ಟು ತೋರಿಸಿ ಅನ್ನಿ.

‘ಎಲ್ಲ ನೀವೇ ಮಾಡಿಕೊಂಡರೆ ಅಂಗಡಿಯವರ ಹೊಟ್ಟೆಪಾಡು?’ ಅಂತ ನಮ್ಮಲ್ಲೇ ಒಬ್ಬರು ಕೇಳಿದರು. ನ್ಯಾಯವಾದ ಪ್ರಶ್ನೆ. ಎಸ್‌ಎಸ್‌ಡಿ, ಕೀಬೋರ್ಡ್, ಮುರಿದ ಹಿಂಜ್, ಬ್ಯಾಟರಿ, ಇವಕ್ಕೆಲ್ಲ ಅವರ ಕೈಯೇ ಬೇಕು, ಅದಕ್ಕೆ ದುಡ್ಡು ಕೊಡಬೇಕು. ವಿಂಡೋಸ್ ಹಾಕಿಸಲೂ ಕೊಡಿ, ತಪ್ಪಿಲ್ಲ. ಆದರೆ ನಮ್ಮ ಅಜ್ಞಾನಕ್ಕೆ ದುಡ್ಡು ಕೊಡಬಾರದು. ಪ್ರಶ್ನೆ ಕೇಳುವ ಗಿರಾಕಿ ಇದ್ದರೆ ಒಳ್ಳೆಯ ಅಂಗಡಿಯವರಿಗೂ ಒಳ್ಳೆಯದು.

ಹಾಗಾದರೆ ಊರಲ್ಲಿ ಮಾಡುವುದು ಹೇಗೆ? ವಿಂಡೋಸ್ 11 ಡೌನ್‌ಲೋಡ್ 5 ಜಿಬಿಗೂ ಹೆಚ್ಚು. ದಿನಕ್ಕೆ ಒಂದೂವರೆ, ಎರಡು ಜಿಬಿ ರೀಚಾರ್ಜ್‌ನಲ್ಲಿ ಅದು ಇಳಿಯುವುದಿಲ್ಲ. ಮೇಲಾಗಿ, ಕೆಟ್ಟ ಲ್ಯಾಪ್‌ಟಾಪ್ ತನ್ನ ಮದ್ದನ್ನು ತಾನೇ ಅರೆದುಕೊಳ್ಳಲಾರದು, ಪೆನ್‌ಡ್ರೈವ್ ಮಾಡಲು ಇನ್ನೊಂದು ಕಂಪ್ಯೂಟರ್ ಬೇಕು. ಮನೆಮನೆಯಲ್ಲಿ ಆಗದ ಕೆಲಸ ಇದು. ಅದಕ್ಕೇ ನಮ್ಮ ಬೇಡಿಕೆ ಇಷ್ಟು: ಗ್ರಾಮ ಪಂಚಾಯಿತಿ ಗ್ರಂಥಾಲಯಗಳಿಗೆ ಈಗ ‘ಅರಿವು ಕೇಂದ್ರ’ ಅಂತ ಹೆಸರಿದೆ. ಪ್ರತಿ ಅರಿವು ಕೇಂದ್ರದಲ್ಲಿ ಎರಡು ಪೆನ್‌ಡ್ರೈವ್ ಇರಲಿ, ಒಂದರಲ್ಲಿ ವಿಂಡೋಸ್, ಇನ್ನೊಂದರಲ್ಲಿ ಲಿನಕ್ಸ್. ಜೊತೆಗೆ ಒಂದು ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕ್, ಅಳಿಸುವ ಮೊದಲು ಕಾಪಿ ಇಡಲು. ತಿಂಗಳಿಗೆ ಒಂದು ಭಾನುವಾರ, ಗೊತ್ತಿರುವವರು ಕೂತು ಗೊತ್ತಿಲ್ಲದವರ ಕೈಯಲ್ಲೇ ಮಾಡಿಸಲಿ. ಪಂಚಾಯಿತಿಗೆ ಇದು ದೊಡ್ಡ ಖರ್ಚಲ್ಲ. ಮುಂದಿನ ಗ್ರಾಮಸಭೆಯಲ್ಲಿ ನಾವು ಕೇಳುತ್ತೇವೆ, ನೀವೂ ನಿಮ್ಮ ಊರಲ್ಲಿ ಕೇಳಿ.

ಅಲ್ಲಿಯವರೆಗೆ ಅಂಗಡಿಗೆ ಹೋಗುವುದಾದರೆ, ಲ್ಯಾಪ್‌ಟಾಪ್ ಕೊಡುವ ಮೊದಲು ಮೂರು ಪ್ರಶ್ನೆ ಕೇಳಿ. ಏನೇನು ಅಳಿಸ್ತೀರಿ? ಹಾಕುವ ವಿಂಡೋಸ್ ಯಾವುದು, ಆಕ್ಟಿವೇಟ್ ಆಗುವುದು ಹೇಗೆ? ಡ್ರೈವರ್ ಎಲ್ಲಿಂದ ತರ್ತೀರಿ? ಉತ್ತರ ಸಿಕ್ಕ ಮೇಲೆ ‘ಹೂಂ’ ಅನ್ನಿ.

ಕೆರೆ ಈ ಬೇಸಿಗೆಯಲ್ಲಿ ಮತ್ತೆ ಬತ್ತಿದರೆ ಫೋಟೋ ಮತ್ತೆ ತೆಗೆಯುತ್ತೇವೆ. ಎರಡು ಕಡೆ ಇಡುತ್ತೇವೆ. ಆ ಅಜ್ಜನ ಮಾತು ಮಾತ್ರ ಮತ್ತೆ ಸಿಗುವುದಿಲ್ಲ.