ಮೂರನೇ ಕ್ಲಾಸಿನ ಕಂಪ್ಯೂಟರ್ ಪಿರಿಯಡ್

ಕೃತಕ ಬುದ್ಧಿಮತ್ತೆ ಮತ್ತು ಗಣಕ ಚಿಂತನೆಯನ್ನು 2026-27ರಿಂದ ಮೂರನೇ ತರಗತಿಗೇ ತರುತ್ತೇವೆಂದು ಕೇಂದ್ರ ಶಿಕ್ಷಣ ಸಚಿವಾಲಯ 2025ರ ಅಕ್ಟೋಬರ್‌ನಲ್ಲಿ ಪ್ರಕಟಿಸಿತು. ಬೆಂಗಳೂರಿನ ಯಲಹಂಕ, ಹೆಬ್ಬಾಳದ ಕಡೆಯ ಖಾಸಗಿ ಶಾಲೆಗಳಿಗೆ ಇದು ಹೊಸದಲ್ಲ. ಅಡ್ಮಿಷನ್ ಬ್ಯಾನರುಗಳಲ್ಲಿ ಕೋಡಿಂಗ್ ಲ್ಯಾಬ್ ಆಗಲೇ ಈಜುಕೊಳದ ಪಕ್ಕ ಜಾಗ ಹಿಡಿದಿದೆ. ಸರ್ಕಾರಿ ಪ್ರಾಥಮಿಕ ಶಾಲೆಯಲ್ಲಿ, ಇದ್ದರೆ, ಯಾವುದೋ ಕಂಪನಿ ಕೊಟ್ಟ ಕಂಪ್ಯೂಟರ್ ಹೆಡ್‌ಮಾಸ್ಟರ ಕೊಠಡಿಯಲ್ಲಿ ಬಟ್ಟೆ ಹೊದ್ದು ಕೂತಿರುತ್ತದೆ. ಬಿಸಿಯೂಟ, ಸಮೀಕ್ಷೆ, ಮಕ್ಕಳ ಮಾಹಿತಿಯ ಸ್ಯಾಟ್ಸ್ ಎಂಟ್ರಿಗಳ ನಡುವೆ ಟೀಚರಿಗೆ ಅದನ್ನು ಮುಟ್ಟಲು ಪುರುಸೊತ್ತೆಲ್ಲಿ?

ಹಾಗೆಂದು ಬ್ಯಾನರಿನ ಶಾಲೆಯ ಮಗು ಮುಂದಿದೆ ಎಂದು ನಾವು ಒಪ್ಪುವುದಿಲ್ಲ. ಅದರ ನೋಟ್ಸ್ ತೆರೆದು ನೋಡಿ: ಸಿಪಿಯು ಕಂಪ್ಯೂಟರಿನ ಮೆದುಳು, ಮೌಸ್ ಒಂದು ಇನ್‌ಪುಟ್ ಸಾಧನ, ಬಿಟ್ಟ ಸ್ಥಳ ತುಂಬಿರಿ, ಎರಡು ಅಂಕ. ಇಷ್ಟಕ್ಕೆ ಬೇರೆ ಫೀಸು.

ಗಣಕ ಚಿಂತನೆ ನೋಡಬೇಕೆಂದರೆ ಆರ್.ಟಿ. ನಗರದ ಯಾವುದಾದರೂ ಅಡ್ಡರಸ್ತೆಗೆ ಬಾಗಿಲಿಗೆ ನೀರು ಹಾಕುವ ಹೊತ್ತಿಗೆ ಹೋಗಬೇಕು. 'ಏಳು ಚುಕ್ಕಿ, ನಾಲ್ಕು ಬರೋವರೆಗೆ, ಸಂದಿನಲ್ಲಿ ಇಡು' ಎಂದು ಅಕ್ಕ ಹೇಳುತ್ತಾಳೆ, ತಂಗಿ ಇಡುತ್ತಾಳೆ. ಎಲ್ಲಿಂದ ಶುರು, ಎಲ್ಲಿಗೆ ನಿಲ್ಲಿಸಬೇಕು, ನಡುವೆ ಪ್ರತಿ ಸಾಲಿಗೂ ಏನು ನಿಯಮ, ಎಲ್ಲವೂ ಆ ಒಂದು ಮಾತಿನಲ್ಲಿದೆ. ನಡುವೆ ಏಳು, ಎರಡೂ ಕಡೆ ಆರು, ಐದು, ನಾಲ್ಕು, ಒಟ್ಟು 37. ಒಂದು ಚುಕ್ಕಿ ಹೆಚ್ಚುಕಮ್ಮಿಯಾದರೂ ಎಳೆ ಕೂಡುವುದಿಲ್ಲ. ಆಗ ತಂಗಿ ಸಾಲುಸಾಲಾಗಿ ಹಿಂದಕ್ಕೆ ಎಣಿಸುತ್ತಾ ಹೋಗುತ್ತಾಳಲ್ಲ, ಮಾನ್ಯತಾ ಟೆಕ್ ಪಾರ್ಕಿನಲ್ಲಿ ಅದಕ್ಕೇ ಡಿಬಗ್ಗಿಂಗ್ ಎನ್ನುತ್ತಾರೆ, ಸಂಬಳವನ್ನೂ ಕೊಡುತ್ತಾರೆ. ಮದ್ರಾಸ್ ಕ್ರಿಶ್ಚಿಯನ್ ಕಾಲೇಜಿನ ಗಿಫ್ಟ್ ಸಿರೋಮನಿ ಮತ್ತು ರಾಣಿ ಸಿರೋಮನಿ ರಂಗೋಲಿಯ, ತಮಿಳರ ಕೋಲಂನ, ಈ ವ್ಯಾಕರಣವನ್ನು 1970ರ ದಶಕದಲ್ಲೇ ಕಂಪ್ಯೂಟರ್ ವಿಜ್ಞಾನದ ಪ್ರಬಂಧಗಳಿಗೆ ತಂದರು. ಹೆಣ್ಣುಮಕ್ಕಳ ಕೆಲಸ ಎಂದು ಅದನ್ನು ತರಗತಿಯ ಹೊರಗೇ ಬಿಟ್ಟವರು ನಾವು.

ಯಂತ್ರವನ್ನು ಮುಂದಿಟ್ಟುಕೊಂಡು ಹೊರಟ ಪ್ರಯೋಗವೂ ಈ ರಾಜ್ಯದಲ್ಲಿ ಆಗಿದೆ. 2000ದ ದಶಕದಲ್ಲಿ ಅಜೀಂ ಪ್ರೇಮ್‌ಜಿ ಪ್ರತಿಷ್ಠಾನ ಗ್ರಾಮೀಣ ಪ್ರಾಥಮಿಕ ಶಾಲೆಗಳಿಗೆ ಕಂಪ್ಯೂಟರ್ ಕಲಿಕೆಯ ಸಿಡಿಗಳನ್ನು ಮಾಡಿ ಕೊಟ್ಟಿತು. ಪಟ್ಟ ಶ್ರಮಕ್ಕೆ ತಕ್ಕ ಫಲ ಕಾಣದೆ ಅದನ್ನು ಕೈಬಿಟ್ಟು ಶಿಕ್ಷಕರ ಜೊತೆಗಿನ ಕೆಲಸಕ್ಕೆ ಹೊರಳಿತು. ಸಾಫ್ಟ್‌ವೇರ್‌ನಲ್ಲೇ ದುಡ್ಡು ಮಾಡಿದವರು ಕಟ್ಟಿದ ಸಂಸ್ಥೆಗೇ ತಿಳಿದ ಮಾತು ಶಿಕ್ಷಣ ಇಲಾಖೆಗೆ ತಿಳಿಯಬಾರದೇ?

ಯಂತ್ರವಿಲ್ಲದೆ ಶುರುಮಾಡುವ ದಾರಿ ನಮ್ಮಲ್ಲೇ ಇದೆ. ಹೆಗ್ಗಡದೇವನಕೋಟೆಯಲ್ಲಿ 1995ರಲ್ಲಿ ಮೊಳೆತ ನಲಿ-ಕಲಿ ಪದ್ಧತಿ ನಮ್ಮ ಸರ್ಕಾರಿ ಶಾಲೆಗಳ ಒಂದರಿಂದ ಮೂರನೇ ತರಗತಿಯಲ್ಲಿದೆ. ಅಲ್ಲಿ ಮಗು ಕಲಿಕಾ ಏಣಿ ನೋಡಿ, ಗುರುತು ಹಿಡಿದು, ತನ್ನ ಮುಂದಿನ ಕಾರ್ಡನ್ನು ತಾನೇ ಹುಡುಕಿಕೊಳ್ಳುತ್ತದೆ. ಮೆಟ್ಟಿಲು ಮೆಟ್ಟಿಲಾಗಿ ಸಾಗುವ ಅಭ್ಯಾಸ ಅದಕ್ಕೆ ಆಗಲೇ ಇದೆ. ಚುಕ್ಕಿ ರಂಗೋಲಿ, ಶಾಲೆಯಿಂದ ಯಶವಂತಪುರ ರೈಲು ನಿಲ್ದಾಣಕ್ಕೆ ದಾರಿ ಹೇಳುವ ಆಟ, ಹಾಜರಿಯ ಹೆಸರುಗಳನ್ನು ಅಕಾರಾದಿಯಲ್ಲಿ ಜೋಡಿಸುವುದು, ಇಂಥ ಕಾರ್ಡುಗಳನ್ನು ಅದೇ ಏಣಿಗೆ ಸೇರಿಸಿದರೆ ಮೊದಲ ವರ್ಷಕ್ಕೆ ಧಾರಾಳವಾಯಿತು. ಕಂಪನಿಗಳು ಹಳೇ ಕಂಪ್ಯೂಟರ್ ಕಳಿಸುವ ಬದಲು ಟೀಚರುಗಳ ತರಬೇತಿಯ ಖರ್ಚು ಹೊರಲಿ. ಪಠ್ಯಪುಸ್ತಕ ಬೇಡ, ಅಂಕವಂತೂ ಬೇಡವೇ ಬೇಡ. ಅಂಗಡಿಗೆ ಮೂರನೇ ಕ್ಲಾಸಿನ ಎಐ ಗೈಡು ಬರುವ ಮೊದಲೇ ಇಲಾಖೆ ಇಷ್ಟನ್ನು ಸುತ್ತೋಲೆಯಲ್ಲಿ ಬರೆದು ಹೇಳಬೇಕು.